ಕುದುರೆಯ ಮುಂಗಾಲಿನ ಗಂಟು

ಪಶುವೈದ್ಯಕೀಯಕ್ಕೆ ಹೊಸದಾಗಿ ಬಂದ ಹುಡುಗ ಹುಡುಗಿಯರು ನನ್ನನ್ನು ಕಂಡಾಗ ಎಮ್ಮೆ, ಎತ್ತು, ಕುರಿಗಳ ಬಗ್ಗೆ ಕೇಳುತ್ತಾರೆ. ಅವುಗಳ ವಿಷಯ ನಾನು ಧೈರ್ಯವಾಗಿಯೇ ಮಾತಾಡುತ್ತೇನೆ. ಮೂವತ್ತು ವರ್ಷಕ್ಕೂ ಮಿಕ್ಕಿ ಕರು ಅಡ್ಡ ಸಿಕ್ಕಿಕೊಂಡ ಎಮ್ಮೆಗಳ ಹೊಟ್ಟೆಯೊಳಗೆ ಭುಜದ ತನಕ ಕೈ ಹಾಕಿದವಳು ನಾನು. ಆದರೆ ಯಾರಾದರೂ "ಕುದುರೆ ಕುಂಟುತ್ತಿದೆ" ಎಂದು ಶುರು ಮಾಡಿದರೆ ಇವತ್ತಿಗೂ ಎಡ ಯಾವುದು, ಬಲ ಯಾವುದು ಎಂದು ಒಂದು ಕ್ಷಣ ತಡವರಿಸುತ್ತೇನೆ. ನನಗೆ ಗೊತ್ತಿದ್ದ ವಿಷಯಗಳನ್ನು ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಗೊತ್ತಾಗದೆ ಒದ್ದಾಡಿದ್ದನ್ನು ಬರೆಯುತ್ತೇನೆ. ಅದೂ ಒಂದೇ ಒಂದು ಗಂಟಿನ ಬಗ್ಗೆ.

ನಾವು ಓದುವಾಗ ಕಾಲೇಜಿನಲ್ಲಿ ಇದ್ದದ್ದು ಒಂದೇ ಕುದುರೆ. ಅದರ ಸುತ್ತ ನಲವತ್ತು ಜನ ನಿಲ್ಲುತ್ತಿದ್ದೆವು. ಗಿಡ್ಡಗಿದ್ದ ನನಗೆ ಕಂಡದ್ದು ಹೆಚ್ಚಾಗಿ ಅದರ ಬಾಲ. ಅದೇ ವಿದ್ಯೆ ಕಟ್ಟಿಕೊಂಡು ಸಿರುಗುಪ್ಪಕ್ಕೆ ಬಂದೆ. ಅಲ್ಲಿ ನೀರಾವರಿ, ಭತ್ತದ ಗದ್ದೆ, ಗದ್ದೆಗೆ ತಕ್ಕ ಎತ್ತು ಎಮ್ಮೆ. ಕುದುರೆಯ ಪ್ರಶ್ನೆಯೇ ಬರಲಾರದು ಎಂದುಕೊಂಡಿದ್ದೆ.

ಅಲ್ಲಿ ನನ್ನ ಮೇಲಧಿಕಾರಿ ಡಾಕ್ಟರ್ ಪಂಪಾಪತಿಯವರು. ನಿವೃತ್ತಿಗೆ ಹತ್ತಿರವಾಗಿದ್ದ, ಮಾತು ಕಡಿಮೆಯ ಮನುಷ್ಯ. ಏನು ಹೇಳುವುದಿದ್ದರೂ ಚೀಟಿಯಲ್ಲಿ ಬರೆದು ಜವಾನ ಈರಣ್ಣನ ಕೈಯಲ್ಲಿ ಕಳಿಸುತ್ತಿದ್ದರು. ಒಂದು ಬೆಳಿಗ್ಗೆ ಚೀಟಿ ಬಂತು: "ರಾರಾವಿ. ಕುರಿಯವರ ಕುದುರೆ. ಮುಂಗಾಲು. ಸ್ಪ್ಲಿಂಟ್. ನೋಡಿ ಬನ್ನಿ."

ಸ್ಪ್ಲಿಂಟ್ ಎಂದರೆ ನನಗೆ ಆಗ ನೆನಪಾದದ್ದು ಒಂದೇ: ಮುರಿದ ಎಲುಬಿಗೆ ಆಧಾರವಾಗಿ ಕಟ್ಟುವ ಬಿದಿರಿನ ದಬ್ಬೆ. ಕುದುರೆಯ ಕಾಲು ಮುರಿದಿದೆ, ಹೋಗಿ ದಬ್ಬೆ ಕಟ್ಟಿ ಬಾ ಅನ್ನುತ್ತಿದ್ದಾರೆ ಎಂದು ತಿಳಿದೆ. ಈರಣ್ಣನಿಗೆ ಹೇಳಿ ನಾಲ್ಕು ದಬ್ಬೆ ಸೀಳಿಸಿ, ಹತ್ತಿ, ಬಟ್ಟೆಪಟ್ಟಿ ಎಲ್ಲ ಗಂಟು ಕಟ್ಟಿಕೊಂಡು ಬಸ್ಸು ಹತ್ತಿದೆವು.

ಭತ್ತ ಕೊಯ್ದ ಗದ್ದೆಗಳಲ್ಲಿ ಗೊಬ್ಬರಕ್ಕಾಗಿ ರಾತ್ರಿ ಕುರಿ ತರುಬಲು ದೂರದಿಂದ ಬಂದವರು ಅವರು. ಗುಡಾರ, ಪಾತ್ರೆ, ಈಗಷ್ಟೇ ಹುಟ್ಟಿದ ಮರಿಗಳು ಎಲ್ಲವನ್ನೂ ಹೊರುವುದಕ್ಕೆ ಒಂದು ಕಂದು ಕುದುರೆ. ನಾವು ಹೋದಾಗ ಅದು ನಾಲ್ಕೂ ಕಾಲೂರಿ ಹುಲ್ಲು ಮೇಯುತ್ತಿತ್ತು. ಕಾಲು ಮುರಿದ ಕುದುರೆ ಹೀಗೆ ನಿಲ್ಲುವುದಿಲ್ಲ ಎಂಬುದು ಬಾಲ ನೋಡಿದವಳಿಗೂ ಗೊತ್ತಿತ್ತು. ಕುರಿಗಾರ ಬೀರಪ್ಪ ನನ್ನ ಕೈಯಲ್ಲಿದ್ದ ದಬ್ಬೆ ನೋಡಿ ಮೆಲ್ಲಗೆ ಹೇಳಿದ.

"ಮುರಿದಿಲ್ರಿ ಅಮ್ಮಾರ. ಗಂಟು ಎದ್ದೈತಿ."

ಮೊಣಕಾಲಿನಿಂದ ನಾಲ್ಕು ಬೆರಳು ಕೆಳಗೆ, ಕಾಲಿನ ಒಳಮಗ್ಗುಲಲ್ಲಿ ಬಾರೆಹಣ್ಣಿನಷ್ಟು ಗಾತ್ರದ ಗಂಟು. ಮುಟ್ಟಿದರೆ ಬಿಸಿ. ಒತ್ತಿದರೆ ಕುದುರೆ ಕಾಲು ಕಿತ್ತುಕೊಳ್ಳುತ್ತಿತ್ತು. ಅದೇನೆಂದು ನನಗೆ ತಿಳಿಯಲಿಲ್ಲ. ತಿಳಿಯಲಿಲ್ಲ ಎಂದು ಹೇಳಿ ವಾಪಸು ಬರುವ ಧೈರ್ಯವೂ ಇರಲಿಲ್ಲ. ಅಷ್ಟು ದೂರ ಹೊತ್ತು ತಂದ ದಬ್ಬೆಗಳನ್ನು ಕಟ್ಟಿಯೇ ಬಂದೆ.

ಈರಣ್ಣನಿಂದ ಸಂಗತಿ ತಿಳಿದು ಮರುದಿನ ಪಂಪಾಪತಿಯವರು ನಮ್ಮಿಬ್ಬರನ್ನೂ ಕರೆದುಕೊಂಡು ಅಲ್ಲಿಗೆ ಹೋದರು. ದಬ್ಬೆ ಬಿಚ್ಚಿ ಈರಣ್ಣನ ಕೈಗೆ ಕೊಟ್ಟರು. ಆಮೇಲೆ ಮಣ್ಣಿನ ಮೇಲೆ ಕಡ್ಡಿಯಿಂದ ಚಿತ್ರ ಬರೆದರು. ಕುದುರೆಯ ಮುಂಗಾಲಿನಲ್ಲಿ ಮೊಣಕಾಲಿನ ಕೆಳಗೆ ಒಂದು ದಪ್ಪ ಎಲುಬು. ಅದರ ಹಿಂದೆ ಆ ಕಡೆ ಈ ಕಡೆ ಅಂಟಿಕೊಂಡಂತೆ ಪೆನ್ಸಿಲಿನಷ್ಟು ತೆಳುವಾದ ಎರಡು ಎಲುಬು. ಈ ಕಡ್ಡಿ ಎಲುಬಿನ ಹೆಸರು ಸ್ಪ್ಲಿಂಟ್. ಎಳೆಯ ಕುದುರೆಯಲ್ಲಿ ಇವು ದಪ್ಪ ಎಲುಬಿಗೆ ನಾರಿನಿಂದ ಬಿಗಿದಿರುತ್ತವೆ. ಗಟ್ಟಿ ನೆಲದ ಮೇಲೆ ಓಡಿಸಿದರೆ, ಎಳೆತನದಲ್ಲೇ ಭಾರ ಹೊರಿಸಿದರೆ, ಪೆಟ್ಟು ಬಿದ್ದರೆ ಆ ನಾರು ನೊಂದು ಉರಿಯುತ್ತದೆ. ದೇಹ ಅಲ್ಲಿ ಹೊಸ ಎಲುಬು ಕಟ್ಟಿ ಗಟ್ಟಿ ಮಾಡಿಕೊಳ್ಳುತ್ತದೆ. ಆ ಗಂಟಿಗೂ ಸ್ಪ್ಲಿಂಟ್ ಎಂದೇ ಹೆಸರು. ಎಲುಬಿಗೂ ಅದೇ, ರೋಗಕ್ಕೂ ಅದೇ, ದಬ್ಬೆಗೂ ಅದೇ. ಹೆಸರಿಟ್ಟ ಪುಣ್ಯಾತ್ಮರನ್ನು ನಾನು ಎಷ್ಟು ಸಲ ಬೈದುಕೊಂಡಿದ್ದೇನೋ.

ಆ ದಿನ ಪಂಪಾಪತಿಯವರು ಗಂಟಿನ ಸುತ್ತ ಮರಗಟ್ಟಿಸುವ ಸೂಜಿ ಹಾಕಿ, ಕೆಂಪಗೆ ಕಾಸಿದ ಕಬ್ಬಿಣದಿಂದ ಅದರ ಮೇಲೆ ಬರೆ ಹಾಕಿದರು. ಆಗ ಅದು ಒಪ್ಪಿದ ಚಿಕಿತ್ಸೆ. ಕುದುರೆಯ ಮುಖ ಹಿಡಿದು ನಿಂತಿದ್ದ ನಾನು ಸುಟ್ಟ ಕೂದಲಿನ ವಾಸನೆಗೆ ಮುಖ ಆಚೆ ತಿರುಗಿಸಿದೆ. ಹೊರಡುವಾಗ ಅವರು ಬೀರಪ್ಪನಿಗೆ, ಗಾಯ ಪೂರ್ತಿ ಮಾಯುವ ತನಕ, ಆರು ವಾರ, ಇದರ ಮೇಲೆ ಒಂದು ತಂಬಿಗೆಯನ್ನೂ ಹೊರಿಸಕೂಡದು ಎಂದು ಕಟ್ಟುನಿಟ್ಟಾಗಿ ಹೇಳಿದರು. ಬೀರಪ್ಪ ಹಾಗೇ ನಡೆದುಕೊಂಡ. ಆರು ವಾರದ ನಂತರ ಕುದುರೆ ಚೆನ್ನಾಗಿ ನಡೆಯಿತು. ಅವನು ದೇವರಿಗೆ ಕಾಯಿ ಒಡೆದ.

ಬರೆಯಿಂದ ವಾಸಿಯಾಯಿತೋ, ಆರು ವಾರದ ವಿಶ್ರಾಂತಿಯಿಂದಲೋ ಎಂಬುದು ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ಒಂದು ದಿನ ಧೈರ್ಯ ಮಾಡಿ ಕೇಳಿದೆ. ಪಂಪಾಪತಿಯವರು ನಕ್ಕದ್ದನ್ನು ಅಂದೇ ಮೊದಲು ನೋಡಿದ್ದು.

"ಸುಮ್ನ ಆರು ವಾರ ಕಟ್ಟಿ ನಿಲ್ಲಿಸು ಅಂದ್ರ ಯಾವ ಮಾಲಕ ನಿಲ್ಲಿಸ್ತಾನಮ್ಮ? ಗಾಯ ಕಂಡ್ರ ನಿಲ್ಲಿಸ್ತಾನ. ಬರಿ ಹಾಕಾದು ಕುದುರಿಗಲ್ಲ, ಮಾಲಕಗ."

ಇದನ್ನು ಕೇಳಿ ನನ್ನ ಗೊಂದಲ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ವಿಶ್ರಾಂತಿಯೇ ಔಷಧಿ ಎಂದು ಗೊತ್ತಿದ್ದೂ ಮೂಕಪ್ರಾಣಿಯನ್ನು ಸುಟ್ಟವರನ್ನು ಗೌರವಿಸಬೇಕೋ ದೂರಬೇಕೋ? ಈಗ ಬರೆ ಹಾಕುವುದನ್ನು ಯಾರೂ ಒಪ್ಪುವುದಿಲ್ಲ. ನಾನಂತೂ ಒಮ್ಮೆಯೂ ಹಾಕಲಿಲ್ಲ. ಆದರೆ ಬರೆ ಇಲ್ಲದೆ ಮಾಲೀಕನನ್ನು ಒಪ್ಪಿಸುವುದು ಎಷ್ಟು ಕಷ್ಟ ಎಂಬುದು ಕುರುಗೋಡಿಗೆ ವರ್ಗವಾಗಿ ಹೋದ ಮೇಲೆ ಗೊತ್ತಾಯಿತು.

ಕುರುಗೋಡಿನಲ್ಲಿ ಬಸವರಾಜ ಎಂಬ ಯುವಕ ಎರಡು ವರ್ಷದ ಗಂಡು ಕುದುರೆಮರಿಯೊಂದನ್ನು ತಂದು ಸಾಕಿದ್ದ. ಹೊಲ ಮನೆ ಚೆನ್ನಾಗಿದ್ದ ಕುಟುಂಬ. ಮನೆಯಲ್ಲಿ ಅವನ ಮಾತಿಗಿಂತ ಅವನ ಅಜ್ಜಿಯ ಮಾತು ನಡೆಯುತ್ತಿತ್ತು. ಹುಡುಗನಿಗೆ ಕುದುರೆಯ ಮೇಲೆ ಪ್ರಾಣ. ಆ ಪ್ರೀತಿಗೆ ಅದಕ್ಕೆ ಕಡಲೆ ಮೇಲೆ ಕಡಲೆ ತಿನ್ನಿಸಿ, ಬೈಕಿಗೆ ಹಗ್ಗ ಕಟ್ಟಿ ಗುಡ್ಡದ ಬುಡದ ಕಲ್ಲುನೆಲದಲ್ಲಿ ದಿನಾ ಓಡಿಸುತ್ತಿದ್ದ. ಎರಡೂ ಮುಂಗಾಲಿನ ಒಳಮಗ್ಗುಲಲ್ಲಿ ಗಂಟು ಎದ್ದವು. ಈ ಸಲ ನಾನು ದಬ್ಬೆ ಒಯ್ಯಲಿಲ್ಲ. ಓಟ ನಿಲ್ಲಿಸಿ, ದಿನಕ್ಕೆ ಎರಡು ಹೊತ್ತು ತಣ್ಣೀರು ಬಿಡಿ, ಕಡಲೆ ಕಡಿಮೆ ಮಾಡಿ, ಮೆತ್ತನೆ ಮಣ್ಣಿನಲ್ಲಿ ಕಟ್ಟಿ ಎಂದು ಹೇಳಿ, ನೋವಿನ ಔಷಧಿ ಕೊಟ್ಟು ಬಂದೆ.

ಎರಡು ತಿಂಗಳಿಗೆ ಬಿಸಿ ಹೋಯಿತು, ನೋವು ಹೋಯಿತು, ಕುಂಟುವುದೂ ಹೋಯಿತು. ಗಂಟು ಮಾತ್ರ ಹಾಗೇ ಉಳಿಯಿತು, ಕಲ್ಲಿನಂತೆ ಗಟ್ಟಿಯಾಗಿ. ಅದು ಉಳಿಯುವುದೇ ಸರಿ. ಆದರೆ ಹಾಗೆಂದು ಮೊದಲ ದಿನವೇ ಹೇಳಬೇಕಾಗಿತ್ತು, ಹೇಳಿರಲಿಲ್ಲ. ಬಸವರಾಜ ನನ್ನ ಚಿಕಿತ್ಸೆ ಅರ್ಧಕ್ಕೇ ನಿಂತಿದೆ ಎಂದುಕೊಂಡು, ಯಾರೋ ಊರೂರು ತಿರುಗುವವನು ಮಾರಿದ ಕೆಂಪು ಮುಲಾಮು ಹಚ್ಚಿ ಚರ್ಮವೆಲ್ಲ ಗುಳ್ಳೆ ಎಬ್ಬಿಸಿದ್ದ. ನಾನು ಹೋದಾಗ ಅವನದು ಒಂದೇ ಪ್ರಶ್ನೆ: ಆರಾಮಾಗಿದೆ ಅಂತೀರಿ, ಹಾಗಾದರೆ ಗಂಟು ಯಾಕಿದೆ? ಹೊಸ ಎಲುಬು, ನಾರು ಎಂದು ನಾನು ಏನೇನೋ ಹೇಳಿದೆ. ಹೇಳುತ್ತಾ ಹೇಳುತ್ತಾ ನನಗೇ ಅದು ನೆಪ ಹೇಳಿದಂತೆ ಕೇಳಿಸತೊಡಗಿತು.

ಕಟ್ಟೆಯ ಮೇಲೆ ಕೂತಿದ್ದ ಅಜ್ಜಿ ಎದ್ದು ಬಂದು ತನ್ನ ಬಲಗೈ ಚಾಚಿದಳು. ಮಣಿಕಟ್ಟಿನ ಮೇಲೆ ಎಲುಬು ಅಡಿಕೆಯಂತೆ ಉಬ್ಬಿ ಎದ್ದಿತ್ತು.

"ಇದನ್ನ ನೋಡಲೇ. ನಿಮ್ಮಪ್ಪ ಹುಟ್ಟೂಕಿಂತ ಮೊದಲ ಮುರಿದಿದ್ದು. ಈ ಗಂಟು ಇಟ್ಕೊಂಡೇ ಅವಗೂ ರೊಟ್ಟಿ ಬಡ್ದೀನಿ, ನಿನಗೂ ಬಡ್ದೀನಿ. ರೊಟ್ಟಿ ತಿನ್ನಾಗ ಗಂಟು ಕಂಡಿತ್ತೇನು?"

ಮುಲಾಮಿನ ಡಬ್ಬಿ ತಿಪ್ಪೆಗೆ ಹೋಯಿತು. ಅಂದಿನಿಂದ ನಾನು ಎಲ್ಲಿ ಈ ಗಂಟು ಕಂಡರೂ ಮೊದಲ ದಿನವೇ "ನೋವು ಹೋಗುತ್ತದೆ, ಗಂಟು ಉಳಿಯುತ್ತದೆ" ಎಂದು ಹೇಳುವುದನ್ನು ರೂಢಿ ಮಾಡಿಕೊಂಡೆ. ಅಷ್ಟು ಹೇಳಿದರೆ ನನ್ನ ಕೆಲಸ ಮುಗಿಯಿತು ಎಂಬ ಭ್ರಮೆಯೂ ಜೊತೆಗೇ ಬೆಳೆಯಿತು. ಆ ಭ್ರಮೆ ಹರಿದದ್ದು ಬಳ್ಳಾರಿಯಲ್ಲಿ, ನೌಕರಿಯ ಕೊನೆಯ ವರ್ಷ.

ಬಳ್ಳಾರಿಯ ಕೋಟೆ ಗುಡ್ಡದ ಕೆಳಗೆ ಮೆಹಬೂಬ್ ಸಾಬರ ಮನೆ. ಅವರ ತಂದೆ ಜಟಕಾ ಹೊಡೆಯುತ್ತಿದ್ದರು. ಆಟೋಗಳು ಬಂದು ಜಟಕಾ ಹೋಯಿತು. ಮಗ ಗಾಡಿ ಮಾರಿ ಕುದುರೆ ಉಳಿಸಿಕೊಂಡು, ಮದುವೆ ಮೆರವಣಿಗೆಗೆ ಒಯ್ಯತೊಡಗಿದರು. ಆ ಕುದುರೆಯ ಮಗಳು ಮೋತಿ. ಏಳು ವರ್ಷದ ಬಿಳಿ ಹೆಣ್ಣುಕುದುರೆ. ವರ ಮೇಲೆ ಕೂತು ಬ್ಯಾಂಡು ಶುರುವಾದರೆ ನಿಂತಲ್ಲೇ ಕಾಲೆತ್ತಿ ಹಾಕಿ ಕುಣಿಯುತ್ತಿತ್ತು. ಊರಿನಲ್ಲಿ ಅದಕ್ಕೆ ಹೆಸರಿತ್ತು. ಮೆಹಬೂಬ್ ಸಾಬರ ಸಂಸಾರ ನಡೆಯುತ್ತಿದ್ದದ್ದು ಅದರ ಕುಣಿತದ ಮೇಲೆ.

ಮೋತಿಯ ಎಡ ಮುಂಗಾಲಿನ ಒಳಮಗ್ಗುಲಲ್ಲಿ ಗಂಟು ಎದ್ದಿತ್ತು. ನೋಡಿದೆ, ಒತ್ತಿದೆ, ಐದು ನಿಮಿಷದಲ್ಲಿ ಹೇಳಿದೆ: ಸ್ಪ್ಲಿಂಟ್, ಆರು ವಾರ ವಿಶ್ರಾಂತಿ, ತಣ್ಣೀರು, ನೋವು ಹೋಗುತ್ತದೆ, ಗಂಟು ಉಳಿಯುತ್ತದೆ. ಮದುವೆಯ ಕಾಲ ಅದು. ಆದರೂ ಮೆಹಬೂಬ್ ಸಾಬರು ಒಪ್ಪಿದರು. ಹಿಡಿದಿದ್ದ ಮದುವೆಗಳನ್ನೆಲ್ಲ ಬೇರೆಯವರಿಗೆ ಬಿಟ್ಟುಕೊಟ್ಟು, ದಿನಾ ಕೊಳವೆ ಹಿಡಿದು ಕಾಲಿಗೆ ನೀರು ಬಿಟ್ಟರು. ಆರು ವಾರಕ್ಕೆ ಮೋತಿ ನೆಟ್ಟಗೆ ನಡೆಯಿತು. ಮೊದಲ ಮೆರವಣಿಗೆಗೆ ಹೋಗಿ ಬಂದ ಮರುದಿನ ಮತ್ತೆ ಕುಂಟಿತು. ಗಂಟು ಮತ್ತೆ ಬಿಸಿ.

ಅವಸರ ಮಾಡಿದಿರಿ, ಇನ್ನೂ ಆರು ವಾರ ಎಂದೆ. ಅದೂ ಆಯಿತು. ಮತ್ತೆ ಒಂದು ಮದುವೆ, ಮತ್ತೆ ಕುಂಟು.

ನನಗೆ ದಿಕ್ಕು ತೋಚಲಿಲ್ಲ. ಕಡ್ಡಿ ಎಲುಬು ಮುರಿದಿರಬಹುದೇ ಎಂದು ಹೊತ್ತೊಯ್ಯುವಂಥ ಎಕ್ಸ್‌ರೇ ಯಂತ್ರ ತರಿಸಿ ಚಿತ್ರ ತೆಗೆಸಿದೆ. ಅದನ್ನು ಬಾಗಿಲ ಬೆಳಕಿಗೆ ಹಿಡಿದಾಗ ಎಲುಬಿನ ಮೇಲೆ ಗೆರೆ ಕಂಡಿತು. ಮುರಿದಿದೆ ಎಂದು ಬಾಯಿಗೆ ಬಂದಿತ್ತು. ಸೆರಗಿನಿಂದ ಒರೆಸಿದರೆ ಗೆರೆ ಹೋಯಿತು. ಎಲುಬು ಗಟ್ಟಿಯಾಗೇ ಇತ್ತು. ಕುಕ್ಕುಲೋಟದಲ್ಲಿ ಓಡಿಸಿ ನೋಡಿದೆ. ನೋವಿನ ಮುಂಗಾಲು ನೆಲಕ್ಕೆ ತಾಗಿದಾಗ ಕುದುರೆ ತಲೆ ಮೇಲೆತ್ತುತ್ತದೆ, ಗಟ್ಟಿ ಕಾಲು ತಾಗಿದಾಗ ತಗ್ಗಿಸುತ್ತದೆ. ಮರೆಯಬಾರದೆಂದು ಅದನ್ನು ಅಂಗೈ ಮೇಲೆ ಬರೆದುಕೊಂಡಿದ್ದೆ. ಪ್ರತಿ ಸಲವೂ ಎಡಗಾಲಿಗೇ ತಲೆ ಎತ್ತುತ್ತಿತ್ತು. ಕಾಲೂ ಅದೇ, ಗಂಟೂ ಅದೇ, ಚಿಕಿತ್ಸೆಯೂ ಪುಸ್ತಕದಲ್ಲಿದ್ದದ್ದೇ. ಹಾಗಾದರೆ ತಪ್ಪುತ್ತಿದ್ದದ್ದು ಎಲ್ಲಿ?

ಒಂದು ವಿಷಯ ನನ್ನ ಕಣ್ಣ ಮುಂದೇ ಇತ್ತು. ಓಡಿಸಿ ದಣಿಸಿದ್ದಕ್ಕೆ ಬರುವ ಗಂಟು ಸಾಮಾನ್ಯವಾಗಿ ಎರಡು ಮೂರು ವರ್ಷದ ಮರಿಗಳಿಗೆ. ಮೋತಿಗೆ ಏಳು. ಈ ವಯಸ್ಸಿನಲ್ಲಿ ಯಾಕೆ ಬಂತು ಎಂದು ನಾನು ಕೇಳಿಕೊಳ್ಳಬೇಕಿತ್ತು. ಕೇಳಿಕೊಳ್ಳಲಿಲ್ಲ.

ಮೂರನೆಯ ಸಲ ಮೆಹಬೂಬ್ ಸಾಬರು ತಾವಾಗಿ ಚಿಕಿತ್ಸಾಲಯಕ್ಕೆ ಬಂದು ನಿಂತರು. ಕೂರಿ ಎಂದರೂ ಕೂರಲಿಲ್ಲ.

"ನೀವು ಹೇಳಿದಂಗ ನಿಲ್ಲಿಸಿದ್ನಿ ಮೇಡಂ. ಎರಡು ಸಲ ನಿಲ್ಲಿಸಿದ್ನಿ. ಇನ್ನ ಆಗಾದಿಲ್ರಿ. ಗಾಡಿ ಎಳಿಯಾಕ ಬೇಕು ಅಂತ ಒಬ್ರು ಕೇಳ್ಯಾರ. ಕೊಡ್ತೀನಿ ಅಂತ ಮಾತು ಕೊಟ್ಟೀನಿ."

ಕುಂಟುವ ಕುದುರೆಯನ್ನು ಸರಕಿನ ಗಾಡಿಗೆ ಹೂಡಿದರೆ ಅದರ ಗತಿ ಏನೆಂದು ಇಬ್ಬರಿಗೂ ಗೊತ್ತಿತ್ತು. ನಾಲ್ಕು ದಿನ ಸಮಯ ಕೊಡಿ ಎಂದು ಬೇಡಿಕೊಂಡೆ. ಆ ನಾಲ್ಕು ದಿನದಲ್ಲಿ ಏನು ಮಾಡುತ್ತೇನೆ ಎಂಬುದು ನನಗೇ ಗೊತ್ತಿರಲಿಲ್ಲ.

ಮೂರನೆಯ ದಿನ ಅವರ ಮನೆಗೆ ಹೋದಾಗ ಲಾಳ ಹೊಡೆಯುವ ಖಾಜಾ ಸಾಬರು ಬಂದು ಕೂತಿದ್ದರು. ಮೋತಿಯ ತಾಯಿಗೂ ಲಾಳ ಹೊಡೆದವರು ಅವರು. ಎಪ್ಪತ್ತು ದಾಟಿತ್ತು, ಕನ್ನಡಕದ ಗಾಜು ಸೀಸೆಯ ತಳದಷ್ಟು ದಪ್ಪ. ಕುದುರೆಯನ್ನು ಕೊಡುವ ಮೊದಲು ಹಳೆಯ ಲಾಳ ತೆಗೆಯಲು ಕರೆಸಿದ್ದರು. ನಾನು ಮತ್ತೊಮ್ಮೆ ಓಡಿಸಿ ಎಂದೆ. ಮೆಹಬೂಬ್ ಸಾಬರು ಬೇಸರದಿಂದಲೇ ಹಗ್ಗ ಹಿಡಿದು ಓಣಿಯಲ್ಲಿ ಆ ತುದಿಯಿಂದ ಈ ತುದಿಗೆ ಓಡಿಸಿದರು. ನಾನು ಅಂಗೈ ನೋಡಿಕೊಳ್ಳುತ್ತಾ ತಲೆ ಎತ್ತುವುದನ್ನು ಎಣಿಸುತ್ತಿದ್ದೆ. ಖಾಜಾ ಸಾಬರು ನೋಡುತ್ತಲೇ ಇರಲಿಲ್ಲ. ತಲೆ ತಗ್ಗಿಸಿ ಕೂತಿದ್ದವರು ಒಮ್ಮೆಲೇ ಕೈ ಎತ್ತಿ ನಿಲ್ಲಿಸಿದರು.

"ನಾಕು ಕಾಲಿಗೆ ಐದು ಸಪ್ಪಳ ಬರಾಕತ್ತೈತಿ" ಎಂದರು.

ನಮಗಿಬ್ಬರಿಗೂ ಅರ್ಥವಾಗಲಿಲ್ಲ. ಅವರು ಮನೆಯೊಳಗಿಂದ ಗೋಡೆಗೆ ಬಳಿಯುವ ಹುರುಮಂಜು ತರಿಸಿ, ಆ ಕೆಂಪು ಪುಡಿಯನ್ನು ನೀರಲ್ಲಿ ಕಲಸಿ, ಮೋತಿಯ ಬಲಗಾಲಿನ ಲಾಳದ ಒಳಅಂಚಿಗೆ ಮೆತ್ತಿದರು. ಕುಂಟುತ್ತಿದ್ದದ್ದು ಎಡಗಾಲು, ಇವರು ಹಚ್ಚುತ್ತಿರುವುದು ಬಲಗಾಲಿಗೆ, ಮುದುಕರಿಗೆ ಕಣ್ಣು ಕಾಣದೆ ಕಾಲು ತಪ್ಪಿದೆ ಎಂದುಕೊಂಡೆ. ಬಾಯಿಬಿಟ್ಟು ಹೇಳಿಯೂ ಹೇಳಿದೆ. ಅವರು ಕೈಗೆ ಅಂಟಿದ ಕೆಂಪು ಒರೆಸಿಕೊಂಡು ಎದ್ದರು. ಮತ್ತೆ ಓಡಿಸಿ ಎಂದರು. ಕುದುರೆ ಹೋಗಿ ಬಂತು. ಎಡಗಾಲಿನ ಬಿಳಿ ಕೂದಲಿನ ಮೇಲೆ, ಸರಿಯಾಗಿ ಗಂಟಿನ ನೆತ್ತಿಗೆ, ಕೆಂಪು ಗುರುತು ಬಿದ್ದಿತ್ತು.

ಓಡುವಾಗ, ಕುಣಿಯುವಾಗ ಬಲಗಾಲಿನ ಲಾಳ ಎಡಗಾಲಿನ ಎಲುಬಿಗೆ ಬಡಿಯುತ್ತಿತ್ತು. ಕಟ್ಟಿ ನಿಲ್ಲಿಸಿದ ಆರು ವಾರ ಬಡಿಯಲಿಲ್ಲ, ವಾಸಿಯಾಯಿತು. ಮೆರವಣಿಗೆಗೆ ಹೋದರೆ ಮತ್ತೆ ಪೆಟ್ಟು. ಅಲ್ಲಿ ಬ್ಯಾಂಡಿನ ಗದ್ದಲದಲ್ಲಿ ಆ ಸಪ್ಪಳ ಯಾರಿಗೂ ಕೇಳಿಸುವಂತಿರಲಿಲ್ಲ.

ಖಾಜಾ ಸಾಬರು ಬಲಗೊರಸು ಎತ್ತಿ ತೊಡೆಯ ಮೇಲಿಟ್ಟುಕೊಂಡು ಲಾಳದ ಅಂಚಿನ ಮೇಲೆ ಬೆರಳು ಆಡಿಸಿದರು. ಒಳಗಡೆ ಒಂದು ಜೋಳದ ಕಾಳಿನಷ್ಟು ಅಗಲ ಲಾಳ ಗೊರಸಿನಿಂದ ಹೊರಗೆ ಚಾಚಿತ್ತು.

"ಇದು ನಾ ಹೊಡೆದ ಲಾಳ" ಎಂದರು. "ಕಣ್ಣು ಕಾಣಲಿಲ್ಲ. ಕೈ ಅಳತಿ ಮ್ಯಾಲೆ ಹೊಡೆದಿದ್ನಿ. ಕೈನೂ ಮೋಸ ಮಾಡೈತಿ."

ಮೆಹಬೂಬ್ ಸಾಬರು ಬೈಯಲಿಲ್ಲ. ಮುಖ ತಿರುಗಿಸಿ, ಇನ್ನು ನಮ್ಮ ಮನೆಗೆ ಬರುವುದು ಬೇಡ ಎಂದರು. ಖಾಜಾ ಸಾಬರು ಆ ಲಾಳ ಬಿಚ್ಚಿ, ಸುತ್ತಿಗೆ, ಅರ, ಚಿಮಟಗಳನ್ನು ಚೀಲಕ್ಕೆ ಹಾಕಿಕೊಂಡು ಗೋಡೆ ಹಿಡಿದು ಹೋದರು. ಮೆಹಬೂಬ್ ಸಾಬರು ಕೊಳ್ಳುವವನಿಗೆ ಫೋನು ಮಾಡಿ ಮಾತು ಹಿಂದಕ್ಕೆ ತೆಗೆದುಕೊಂಡರು.

ನಾಚಿಕೆ ಬಿಟ್ಟು ಹೇಳುತ್ತೇನೆ. ಆ ದಿನ ನನಗೆ ಮೊದಲು ಆದದ್ದು ಸಮಾಧಾನ. ನನ್ನ ರೋಗನಿರ್ಣಯ ಸರಿಯಿತ್ತು, ತಪ್ಪು ಲಾಳದ್ದು. ಆ ಸಮಾಧಾನ ಮೂರು ದಿನ ಉಳಿಯಿತು. ಆಮೇಲೆ ಒಂದೊಂದಾಗಿ ನೆನಪಾಗತೊಡಗಿತು. ಲಾಳವನ್ನು ಆರೇಳು ವಾರಕ್ಕೊಮ್ಮೆ ಬದಲಿಸುತ್ತಾರೆ. ಮಧ್ಯೆ ಒಮ್ಮೆ ಖಾಜಾ ಸಾಬರು ಹೊಸ ಲಾಳ ಹೊಡೆಯುವಾಗ ನಾನು ಅಲ್ಲೇ ಚಹಾ ಕುಡಿಯುತ್ತಾ ನಿಂತಿದ್ದೆ. ನನ್ನ ಕಣ್ಣು ಚೆನ್ನಾಗಿತ್ತು. ನಾಲ್ಕು ತಿಂಗಳಲ್ಲಿ ನಾನು ಒಮ್ಮೆಯೂ ಆ ಬಲಗೊರಸನ್ನು ಎತ್ತಿ ನೋಡಿರಲಿಲ್ಲ. ನೋವಿರುವ ಕಾಲನ್ನೇ ನೋಡುತ್ತಾ ಕೂತಿದ್ದೆ. ತಮ್ಮ ತಪ್ಪನ್ನು ಆ ಮುದುಕರು ಒಂದು ಗಳಿಗೆಯಲ್ಲಿ ಹೇಳಿದರು. ನಾನು ಪಕ್ಕದಲ್ಲೇ ನಿಂತು ಸುಮ್ಮನಿದ್ದೆ.

ಖಾಜಾ ಸಾಬರು ಕೆಲಸವನ್ನೇ ಬಿಟ್ಟಿದ್ದಾರೆ ಎಂದು ಸುದ್ದಿ ಬಂದ ದಿನ ಆಟೋ ಹಿಡಿದು ಮೆಹಬೂಬ್ ಸಾಬರ ಮನೆಗೆ ಹೋದೆ. ಅವರು ಮೋತಿಯ ಮೈ ತಿಕ್ಕುತ್ತಿದ್ದರು. ನಾನು ನೋಡದೆ ಬಿಟ್ಟದ್ದನ್ನು ಇದ್ದದ್ದು ಇದ್ದಂತೆ ಹೇಳಿದೆ. ಬೈದರೆ ಬೈಯಲಿ ಎಂದು ಸಿದ್ಧಳಾಗಿದ್ದೆ. ಅವರು ತಿಕ್ಕುವುದನ್ನು ನಿಲ್ಲಿಸಲಿಲ್ಲ. ತಿಕ್ಕುತ್ತಲೇ ಹೇಳಿದರು.

"ಆಕೀ ಕಾಲು ದಿನಾ ಎರಡು ಹೊತ್ತು ತೊಳೆದಾವ ನಾನು ಮೇಡಂ. ನಾಕೂ ಕಾಲು ತೊಳೆದೀನಿ. ನನಗೂ ಕಾಣಲಿಲ್ಲ. ಖಾಜಾ ಚಾಚಾಗ ಹಂಗ ಅನ್ನಬಾರದಿತ್ತು."

ಇಬ್ಬರೂ ಖಾಜಾ ಸಾಬರ ಮನೆಗೆ ಹೋದೆವು. ಅವರು ಸುತ್ತಿಗೆ ಮುಟ್ಟುವುದಿಲ್ಲ ಎಂದು ಹಟ ಹಿಡಿದರು. ಕಣ್ಣಿಲ್ಲದವನು ಮೂಕಪ್ರಾಣಿಯ ಕಾಲು ಮುಟ್ಟಬಾರದು ಅಂದರು. ಕೊನೆಗೆ, ನಿಮ್ಮ ಕೈ, ನನ್ನ ಕಣ್ಣು, ಆದೀತೇ ಎಂದೆ. ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿ ಮತ್ತೆ ಹಾಕಿಕೊಂಡರು. ಚೀಲ ತೆಗೆದುಕೊಂಡು ಎದ್ದರು.

ಅಂದಿನಿಂದ ನಿವೃತ್ತಿಯ ತನಕ ಮೋತಿಗೆ ಲಾಳ ಹೊಡೆಯುವಾಗಲೆಲ್ಲ ನಾನು ಮಂಡಿಯೂರಿ ಪಕ್ಕದಲ್ಲಿ ಕೂರುತ್ತಿದ್ದೆ. ಅಂಚು ಹೊರಗೆ ಬಂದರೆ "ಬಂತು" ಅನ್ನುತ್ತಿದ್ದೆ, ಅವರು ಅರ ಹಾಕುತ್ತಿದ್ದರು. ಒಳಗಡೆಯ ಅಂಚನ್ನು ಸ್ವಲ್ಪ ಒಳಕ್ಕೇ ತೆಗೆದುಕೊಂಡು ಉಜ್ಜಿ ದುಂಡಗೆ ಮಾಡುತ್ತಿದ್ದರು. ಲಾಳ ಸರಿಹೋದದ್ದರಿಂದಲೇ ಮೋತಿ ಸುಧಾರಿಸಿತೋ, ಆ ವೇಳೆಗೆ ಗಂಟು ಪೂರ್ತಿ ಗಟ್ಟಿಯಾಗಿ ಪೆಟ್ಟು ತಡೆಯುವಂತಾಗಿತ್ತೋ, ಎರಡೂ ಸೇರಿಯೋ, ಈಗಲೂ ಖಚಿತವಾಗಿ ಹೇಳಲಾರೆ. ಕುಂಟುವುದಂತೂ ನಿಂತಿತು.

ಆದರೂ ನನಗೆ ನಂಬಿಕೆ ಬಂದಿರಲಿಲ್ಲ. ಮತ್ತೆ ಮೆರವಣಿಗೆಗೆ ಹೋದ ಮೊದಲ ಸಂಜೆ ನಾನೂ ಹೋದೆ. ಯಾರ ಮದುವೆ ಎಂದು ಗೊತ್ತಿರಲಿಲ್ಲ, ಕೇಳಲೂ ಇಲ್ಲ. ಬ್ಯಾಂಡಿನವರನ್ನು ದಾಟಿ, ಕುಣಿಯುವ ಹುಡುಗರ ನಡುವೆ ನುಸುಳಿ, ಕುದುರೆಯ ಮುಂಗಾಲು ಕಾಣುವ ಕಡೆ ಬಗ್ಗಿ ಬಗ್ಗಿ ನೋಡುತ್ತಾ ಕಲ್ಯಾಣ ಮಂಟಪದ ತನಕ ನಡೆದೆ. ಮೋತಿ ಕುಣಿಯಿತು. ಬಲಗಾಲು ಎಡಗಾಲಿನ ಪಕ್ಕ ಎರಡು ಬೆರಳು ಜಾಗ ಬಿಟ್ಟು ಹಾದು ಹೋಗುತ್ತಿತ್ತು. ಬಾಗಿಲಲ್ಲಿ ಪನ್ನೀರು ಚಿಮುಕಿಸುತ್ತಿದ್ದ ಹೆಂಗಸು ನನ್ನನ್ನು ತಡೆದು, ನಕ್ಕು, ಹೆಣ್ಣಿನ ಕಡೆಯವರೋ ಗಂಡಿನ ಕಡೆಯವರೋ ಎಂದು ಕೇಳಿದಳು.

"ಕುದುರಿ ಕಡಿಯಾಕಿ ಅದೀನ್ರಿ" ಎಂದೆ.

ಆಕೆ ನನ್ನ ಕೈ ಹಿಡಿದು ಒಳಗೆ ಕರೆದೊಯ್ದು ಊಟಕ್ಕೆ ಕೂರಿಸಿದಳು.